ಒಂದು ‘ಡೌನ್’, ಹಲವು ಕೆಲಸ

ಆಂಧ್ರದ ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ‘ರೇಟು ಡೌನ್ ಆಯ್ತು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೆಲುಗಿನವರು ಅದನ್ನೇ ‘ಡೌನ್ ಅಯಿಂದಿ’ ಎನ್ನುತ್ತಾರೆ.

ಇಂಗ್ಲಿಷಿನಲ್ಲಿ ಈ ಪದ ಭಲೇ ಬಹುರೂಪಿ. ‘ಗೋ ಡೌನ್’ ಎಂದಾಗ ಕ್ರಿಯಾವಿಶೇಷಣ. ‘ಡೌನ್ ದ ಹಿಲ್’ ಎಂದಾಗ ನಾಮಪದದ ಮುಂದೆ ನಿಲ್ಲುವ ಅವ್ಯಯ. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿರುವ ಆದವಾನಿಗೆ ಪರಿಚಿತವಾದ ‘ಡೌನ್ ಟ್ರೈನ್’ನಲ್ಲಿ ಅದು ಗುಣವಾಚಕ. ಕಾರ್ಮಿಕರು ‘ಡೌನ್ ಟೂಲ್ಸ್’ ಎಂದರೋ, ಕ್ರಿಯಾಪದ. ಕೆಲಸ ನಿಂತಿತೆಂದೇ ಲೆಕ್ಕ. ‘ಅಪ್ಸ್ ಅಂಡ್ ಡೌನ್ಸ್’ನಲ್ಲಿ ಬಹುವಚನ ಹೊತ್ತ ನಾಮಪದ. ನಿಂತ ಜಾಗವೇ ಅದರ ಕೆಲಸ ಹೇಳುತ್ತದೆ.

ತಮಾಷೆಯೆಂದರೆ, ಹಳೆಯ ಇಂಗ್ಲಿಷಿನಲ್ಲಿ ‘ದೂನ್’ ಎಂದರೆ ಗುಡ್ಡ. ‘ಗುಡ್ಡದಿಂದ’ ಎಂಬ ನುಡಿಗಟ್ಟು ಸವೆದು ಸವೆದು ‘ಡೌನ್’ ಆಯಿತು. ಆದವಾನಿಯ ಕೋಟೆಬೆಟ್ಟ ಇಳಿಯುವವರಿಗೆ ಒಗ್ಗುವ ಮಾತೇ ಇದು.

ಕನ್ನಡ ಮಾತ್ರ ಈ ಪದವನ್ನು ಅಷ್ಟು ಸಲೀಸಾಗಿ ಒಳಗೆ ಬಿಡುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ‘ರೇಟು ಡೌನಿತು’ ಎನ್ನುವವರಿಲ್ಲ. ‘ಆಗು’ ಸೇರಿದರೆ ರೇಟು ತಾನಾಗಿ ಇಳಿದದ್ದು, ‘ಮಾಡು’ ಸೇರಿದರೆ ಯಾರೋ ಇಳಿಸಿದ್ದು. ರೈತ ದಲ್ಲಾಳಿಯ ಮುಂದೆ ಜಗಳಕ್ಕೆ ನಿಲ್ಲುವುದು ಎರಡನೆಯದಕ್ಕೇ.