ಬ್ರಹ್ಮಾವರಕ್ಕೆ ಬಂದ ಅಂತಿಯೋಕ್ಯದ ಪರಂಪರೆ

ಗುರುತ್ವವು ಪೀಠದಿಂದ ಬರುವುದೋ ಆಚರಣೆಯಿಂದ ಬರುವುದೋ? ಮಠಗಳ ಪಟ್ಟದ ವ್ಯಾಜ್ಯಗಳು ಕೋರ್ಟಿನವರೆಗೆ ಹೋದುದನ್ನು ನಾವೆಲ್ಲ ಕಂಡವರೇ. ಸ್ವಂತ ಮನೆಯ ತಕರಾರಿನಲ್ಲಿ ಪಕ್ಷಪಾತ ನುಸುಳುವುದು ಸಹಜವಾದುದರಿಂದ, ಪರಮತದ ಒಂದು ದೃಷ್ಟಾಂತವನ್ನು ಎತ್ತಿಕೊಂಡಿರುವೆನು.

ಕ್ರಿಸ್ತಶಕ 2ನೆಯ ಶತಮಾನದ ಆದಿಭಾಗದಲ್ಲಿ ಅಂತಿಯೋಕ್ಯ ನಗರದ ಬಿಷಪ್ಪರಾದ ಇಗ್ನೇಷಿಯಸರನ್ನು ಸಂಕೋಲೆ ಹಾಕಿ ರೋಮಿಗೆ ಒಯ್ದರು. ದಾರಿಯಲ್ಲಿ ಅವರು ಬರೆದ 7 ಪತ್ರಗಳು ಉಳಿದಿವೆ. ಬಿಷಪ್ಪನನ್ನು ಬಿಟ್ಟು ಸಭೆಯಿಲ್ಲ, ಪ್ರಸಾದವೂ ಇಲ್ಲವೆಂಬುದು ಅವುಗಳ ಒಂದು ಮುಖ್ಯ ತಾತ್ಪರ್ಯ. ಪೀಠದ ಅಧಿಕಾರವನ್ನು ಇಷ್ಟು ಎತ್ತರಕ್ಕೇರಿಸಿದ ಆ ಮಹಾನುಭಾವರೇ, ತಮ್ಮ ಪ್ರಾಣವನ್ನುಳಿಸಲು ಯಾರೂ ಯತ್ನಿಸಬಾರದೆಂದು ರೋಮಿನವರಲ್ಲಿ ಬೇಡಿಕೊಂಡರು. ಮರಣವನ್ನು ಹೀಗೆ ಬಯಸುವುದು ಸಮರ್ಪಣವೋ ಅಭಿಮಾನವೋ ಎಂಬ ಸಂಶಯ ನನಗೆ ಇಂದಿಗೂ ತೀರಿಲ್ಲ.

ಆ ಅಂತಿಯೋಕ್ಯದ ಪರಂಪರೆಯು ನಮ್ಮ ಕರಾವಳಿಗೂ ಬಂದಿತು. 1886ರಲ್ಲಿ ಪೋಪರೂ ಪೋರ್ತುಗಾಲದ ಅರಸರೂ ಒಪ್ಪಂದ ಮಾಡಿಕೊಂಡು, ಯಾವ ಇಗರ್ಜಿಗಳು ಗೋವೆಯ ಅಧಿಕಾರಕ್ಕೆ ಸೇರತಕ್ಕವೆಂಬುದನ್ನು ತೀರ್ಮಾನಿಸಿದರು. ಇದಕ್ಕೊಪ್ಪದ ಗೋವೆಯ ಪಾದ್ರಿ ಅಲ್ವಾರಿಸರು ರೋಮನ್ನು ತೊರೆದು ಮಲಂಕರದ ಸುರಿಯಾನಿ ಸಭೆಯನ್ನು ಸೇರಿದರು. ಅಂತಿಯೋಕ್ಯದ ಪಿತೃಪೀಠದ ಅನುಮತಿಯಿಂದ 1889ರ ಜುಲೈ 29ರಂದು ಕೋಟ್ಟಯದಲ್ಲಿ ಅವರಿಗೆ ಮಾರ್ ಜೂಲಿಯುಸ್ ಎಂಬ ಹೆಸರಿನಿಂದ ಬಿಷಪ್ ಪಟ್ಟವಾಯಿತು. ಬ್ರಹ್ಮಾವರದಲ್ಲಿ ಪಾದ್ರಿ ನೊರೊನ್ಹಾ ಅವರೂ ಅವರ ಸಭಿಕರೂ ಈ ಬಿಷಪ್ಪರನ್ನು ಅನುಸರಿಸಿದರು. ಪರಂಪರೆ ಬದಲಾದರೂ ಪೂಜಾವಿಧಿಯನ್ನು ಬದಲಿಸದೆ ಲತೀನ್ ಕ್ರಮದಲ್ಲಿಯೇ ಉಳಿಸಿಕೊಂಡರೆಂಬುದು ಗಮನಾರ್ಹ; ಲಾಂಛನವೇ ತತ್ತ್ವವೆಂದು ಹಟ ಹಿಡಿಯುವ ನಮ್ಮವರು ಇದನ್ನಿಷ್ಟು ಯೋಚಿಸಬಹುದು.

ಪೀಠವೇನೋ ದೊರೆಯಿತು, ಸುಖ ದೊರೆಯಲಿಲ್ಲ. 1895ರಲ್ಲಿ ಪೋರ್ತುಗೀಸ್ ಅಧಿಕಾರಿಗಳು ಅವರನ್ನು ಬಂಧಿಸಿ, ಬಿಷಪ್ಪರ ಉಡುಪನ್ನು ಕಳೆಯಿಸಿ, ಸೆರೆಯಲ್ಲಿಟ್ಟರು. ಉಡುಪನ್ನು ಕಸಿಯಬಹುದು, ಪಟ್ಟವನ್ನು ಕಸಿಯಲಾದೀತೆ? ನ್ಯಾಯಾಲಯವು ಅವರನ್ನು ನಿರಪರಾಧಿಯೆಂದು ಬಿಟ್ಟಿತು. ಆ ಬಳಿಕ ಅವರ ಪೀಠವು ಪಣಜಿಯ ಬಡವರ ನಡುವೆಯೇ ಇದ್ದಿತೆನ್ನಬೇಕು. ರೋಗಿಗಳ ಶುಶ್ರೂಷೆ, ದಿಕ್ಕಿಲ್ಲದವರಿಗಾಗಿ ಭಿಕ್ಷಾಟನೆ. ಕಾಲರಾ ಚಿಕಿತ್ಸೆಯ ಮೇಲೊಂದು ಪುಸ್ತಿಕೆಯನ್ನೂ ಬರೆದರು. ಕ್ಷಾಮಕ್ಕೆ ಒದಗುವ ಬೆಳೆಯೆಂದು ಮರಗೆಣಸಿನ ವ್ಯವಸಾಯವನ್ನು ಜನರಿಗೆ ಬೋಧಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸ್ಥಾವರವಾಗಿ ಕೂರದೆ ಜಂಗಮವಾಗಿ ನಡೆದ ಪಟ್ಟಾಧಿಕಾರಿ.

1923ರ ಸೆಪ್ಟೆಂಬರ್ 23ರಂದು ರಾಯಬಂದರದ ಆಸ್ಪತ್ರೆಯಲ್ಲಿ ದೇಹವಿಟ್ಟರು. ಕೊನೆಗಳಿಗೆಯಲ್ಲಿಯೂ ಹಳೆಯ ಸಭೆಗೆ ಮರಳಲೊಪ್ಪಲಿಲ್ಲ. ಶವಯಾತ್ರೆಗೆ ಪಣಜಿಯ ಜನ ಕೂಡಿದರು. ಗೋರಿಗೆ ಮಾತ್ರ ಸ್ಮಶಾನದ ಒಂದು ಮೂಲೆ. ಬ್ರಹ್ಮಾವರದ ಸಭೆಯನ್ನು 1936ರಲ್ಲಿ ತಮ್ಮ ಮರಣದವರೆಗೂ ನೊರೊನ್ಹಾ ಅವರು ನಡೆಸಿದರು.