ಗಾಳಿ ಸೋಸುವ ಬಟ್ಟೆಯ ಆಯುಷ್ಯ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮೆಟ್ರಿಕ್‌ವರೆಗೆ ಓದಿ, ಗಿರಣಿಯ ಸ್ಟೋರಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ವಿಜ್ಞಾನದ ವಿಷಯ ಮಾತನಾಡಲು ನನಗಿರುವ ಯೋಗ್ಯತೆ ಒಂದೇ: ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ.

2020ರ ರೋಗದ ಕಾಲದಲ್ಲಿ ಎನ್-95 ಎಂಬ ಮುಖಗವಸು ಸಿಗುವುದೇ ದುರ್ಲಭವಾಗಿತ್ತು. ಸಿಕ್ಕ ಒಂದನ್ನು ನಾನು ಸ್ಪಿರಿಟ್ಟಿನಲ್ಲಿ ಅದ್ದಿ, ಹಗ್ಗದ ಮೇಲೆ ಒಣಗಿಸಿ, ಮತ್ತೆ ಮತ್ತೆ ಹಾಕಿಕೊಂಡೆ. ಅದೇ ಜಾಣತನವನ್ನು ಮುಂದೆ ಗಿರಣಿಗೂ ತಂದೆ. ಕಾರ್ಡಿಂಗ್ ಖಾತೆಯವರಿಗೆ ಕೊಡುವ ಮುಖಗವಸುಗಳ ಇಂಡೆಂಟಿನ ಕೆಳಗೆ, 'ತೊಳೆದು ಪುನಃ ಬಳಸಬಹುದು' ಎಂದು ಒಂದು ಸಾಲು ಬರೆದೆ. ಖರ್ಚು ಇಳಿಯಿತು, ಶಾಬಾಸ್ ಎನಿಸಿಕೊಂಡೆ. ಒಂದು ದಿನ ಆ ಖಾತೆಯ ಹಿರಿಯರೊಬ್ಬರು ನನ್ನ ಮೇಜಿನ ಮುಂದೆ ನಿಂತು, "ತಮ್ಮಾ, ತೊಳದ ಮ್ಯಾಲೆ ಇದು ಕೆಲಸಾ ಮಾಡತೈತೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಇದೇ ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದಿದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ಈ ಬಟ್ಟೆ ಜರಡಿಯಂತೆ ಕೆಲಸ ಮಾಡುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯಿಂದ ಊದಿ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗಳನ್ನಾಗಿ ಹಾಸಿರುತ್ತಾರೆ. ಎಳೆಗಳ ನಡುವಿನ ಸಂದು ಸಣ್ಣ ಕಣಗಳಿಗಿಂತ ದೊಡ್ಡದು. ದಪ್ಪ ಕಣ ಗಾಳಿಯೊಡನೆ ಬಾಗಲಾರದೆ ಎಳೆಗೆ ಬಡಿದು ನಿಲ್ಲುತ್ತದೆ. ತೀರ ಸಣ್ಣ ಕಣ ಅತ್ತಿತ್ತ ತುಯ್ದಾಡುತ್ತ ತಾನೇ ಎಳೆಗೆ ತಾಗುತ್ತದೆ. ಕಷ್ಟವಿರುವುದು ನಡುವಿನದರಲ್ಲಿ: ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಆ ಒಂದು ಪಾಲಿನ ಹತ್ತರಲ್ಲಿ ಮೂರು ಭಾಗದಷ್ಟಿರುವ ಕಣ, ಅಂದರೆ ಸುಮಾರು 0.3 ಮೈಕ್ರಾನ್. ಅದನ್ನು ಹಿಡಿಯಲು ಬಟ್ಟೆಯನ್ನು ದಪ್ಪ ಮಾಡುತ್ತ ಹೋದರೆ ಉಸಿರೇ ಆಡದು.

ಇದಕ್ಕೆ ಕಂಡುಕೊಂಡ ಉಪಾಯವೇ ವಿದ್ಯುದಾವೇಶ. ಜಾತ್ರೆಯಲ್ಲಿ ಮೈಮೇಲೆ ಬರುವ ಆವೇಶವಲ್ಲ! ಒಣ ಕೂದಲನ್ನು ಬಾಚಿದ ಹಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲವೇ, ಅದು. ಒಣ ಹವೆಯಲ್ಲಿ ಎಳೆಗಳು ರೋಲರಿಗೆ ಅಂಟಿ ಪೀಡಿಸುವುದನ್ನು ಗಿರಣಿಯವರೆಲ್ಲ ಬಲ್ಲರು. ಖಾತೆಯ ಗಾಳಿಯನ್ನು ತೇವವಾಗಿಡಲು ಅದೂ ಒಂದು ಕಾರಣ. ನಮಗೆ ಪೀಡೆಯಾದದ್ದು ಇಲ್ಲಿ ಉಪಕಾರಿ. ಆವೇಶವನ್ನು ಬಹುಕಾಲ ಹಿಡಿದಿಡುವ ಇಂಥ ವಸ್ತುವಿಗೆ 'ಎಲೆಕ್ಟ್ರೆಟ್' ಎಂದು 1885ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಮೇಣ ಮತ್ತು ರಾಳಗಳಿಂದ ಅದನ್ನು ಮಾಡಿ ತೋರಿಸಿದವರು ಜಪಾನಿನ ಮೊತೊತಾರೊ ಎಗುಚಿ. ಊದಿದ ಪ್ಲಾಸ್ಟಿಕ್ ಎಳೆಗಳಿಗೆ ಆವೇಶ ತುಂಬುವ ವಿಧಾನವನ್ನು 1990ರ ದಶಕದಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಪೀಟರ್ ತ್ಸಾಯ್ ಬೆಳೆಸಿದರು. ಎನ್-95ರ ಬಲ ಈ ಆವೇಶದಲ್ಲಿದೆ.

ಈಗ ಅದರ ಮುಪ್ಪಿನ ಮಾತು. ಒಣಗಿದ, ತಂಪಾದ ಕಡೆ ಇಟ್ಟರೆ ಆವೇಶ ವರ್ಷಗಟ್ಟಲೆ ನಿಲ್ಲಬಲ್ಲದು. ಸೆಕೆಯೂ ತೇವವೂ ಸೇರಿದರೆ ಬೇಗ ಕುಂದುತ್ತದೆ. ಬಳಕೆಯಲ್ಲಿ ಧೂಳು ಎಳೆಗಳ ಮೇಲೆ ಕುಳಿತು ಆವೇಶವನ್ನು ಮರೆಮಾಡುತ್ತದೆ. ಆಗ ಸೋಸುವ ಶಕ್ತಿ ಮೊದಲು ಇಳಿಯುತ್ತದೆ. ಧೂಳು ಇನ್ನೂ ದಟ್ಟವಾದರೆ ಆ ಧೂಳೇ ಒಂದು ಪದರವಾಗಿ ಸೋಸತೊಡಗುತ್ತದೆ. ಶಕ್ತಿ ಮತ್ತೆ ಏರುತ್ತದೆ, ಆದರೆ ಉಸಿರು ಭಾರವಾಗುತ್ತದೆ. ಎಣ್ಣೆಯ ಮಂಜು ಇದಕ್ಕಿಂತ ಕೇಡು. ಅದು ಎಳೆಗಳ ಮೇಲೆ ಹರಡಿಕೊಳ್ಳುತ್ತದೆ, ಪದರವನ್ನೂ ಕಟ್ಟುವುದಿಲ್ಲ. ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಅಮೆರಿಕದಲ್ಲಿ 1995ರ ನಿಯಮ ಎನ್, ಆರ್, ಪಿ ಎಂದು ಮೂರು ವರ್ಗ ಮಾಡಿದ್ದು ಇದಕ್ಕೇ. ಎಣ್ಣೆಗೆ ತಡೆಯಲಾರದ್ದು 'ಎನ್'.

ಸ್ಪಿರಿಟ್ಟು ಮತ್ತು ಸಾಬೂನು ನೀರಿನ ಕಥೆಯೇ ಬೇರೆ. ಅವು ಆವೇಶವನ್ನು ಒಮ್ಮೆಲೇ ಕಳೆದುಬಿಡುತ್ತವೆ. 2020ರಲ್ಲಿ ಅನೇಕ ಪ್ರಯೋಗಾಲಯಗಳು ಪರೀಕ್ಷಿಸಿ ಇದನ್ನೇ ಕಂಡವು. ಕಟ್ಟಡಗಳ ಗಾಳಿ ಸೋಸುವ ಫಿಲ್ಟರುಗಳಿಗೆ ಯುರೋಪಿನಲ್ಲಿ ತಂದ 2012ರ ಮಾನದಂಡದಲ್ಲಿ, ಬೇಕೆಂದೇ ಬಟ್ಟೆಯನ್ನು ಸ್ಪಿರಿಟ್ಟಿನ ಜಾತಿಯ ದ್ರವದಲ್ಲಿ ಅದ್ದಿ, ಆವೇಶ ಕಳೆದು ಅಳೆಯುವ ಕ್ರಮವಿತ್ತು. ಸರಾಸರಿ 100ಕ್ಕೆ 80ರಿಂದ 90 ಕಣ ಹಿಡಿಯಬೇಕಾದ ಎಫ್-7 ಎಂಬ ದರ್ಜೆಗೆ, ಆವೇಶ ಕಳೆದ ಮೇಲೆ ಕನಿಷ್ಠ 35 ಹಿಡಿದರೆ ಸಾಕೆಂದು ಗೊತ್ತುಮಾಡಿದರು. 2016ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ, ಆವೇಶವಿರುವಾಗಿನ ಮತ್ತು ಕಳೆದ ನಂತರದ ಅಳತೆಗಳ ಸರಾಸರಿಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ತಯಾರಕರ ಹೊಸ ಮಾಲು ಹೊಳೆಯುವುದು ಸಹಜ. ಹಳತಾದಾಗ ಏನು ಉಳಿಯುತ್ತದೆ ಎಂದು ಕೇಳುವುದೇ ಗಿರಾಕಿಯ ಜಾಣತನ.

ಬಂಧುಗಳೇ, ನನ್ನನ್ನು ಹೆದರಿಸಿದ ಮಾತು ಇನ್ನೊಂದಿದೆ. ಆವೇಶ ಹೋದರೂ ಬಟ್ಟೆಯ ರೂಪ ಬದಲಾಗದು. ಹರಿಯದು, ಕೊಳೆ ಕಾಣದು, ಉಸಿರಾಟ ಮೊದಲಿನಷ್ಟೇ ಸಲೀಸು. ತೊಳೆದು ಶುಭ್ರವಾಗಿದೆ ಎಂಬ ಸಮಾಧಾನ ಬೇರೆ! ಹಾಕಿಕೊಂಡವನಿಗೆ ಮೋಸ ತಿಳಿಯುವ ದಾರಿಯೇ ಇಲ್ಲ. ಹತ್ತಿಯ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಎದೆ ಬಿಗಿಯುವುದು ಅದರ ಮೊದಲ ಗುರುತು. ಅಂಥ ಖಾತೆಯವರಿಗೆ ನಾನು ತೊಳೆದ ಬಟ್ಟೆಯನ್ನು ಕೊಟ್ಟು ರಕ್ಷಣೆ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೆ.

ಆದುದರಿಂದ ನಾಲ್ಕು ಮಾತು ನೆನಪಿಡಿ. ಎನ್-95, ಎಫ್‌ಎಫ್‌ಪಿ-2 ಜಾತಿಯ ಮುಖಗವಸನ್ನು ತೊಳೆಯಬೇಡಿ, ಸ್ಪಿರಿಟ್ಟು ಸಿಂಪಡಿಸಬೇಡಿ. ಬಿಡಿಸಿದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಾಗದದ ಚೀಲದಲ್ಲಿ ಒಣಗಲು ಬಿಡಿ. ಉಸಿರು ಭಾರವಾದರೆ, ನೆನೆದರೆ, ಎಣ್ಣೆ ಹತ್ತಿದರೆ, ಲಾಡಿ ಸಡಿಲವಾದರೆ ಬಿಸಾಡಿ. ಮನೆಯ ಗಾಳಿಯಂತ್ರದ ಫಿಲ್ಟರಿನ ಮೇಲೆ ತೊಳೆಯಬಹುದೆಂದು ಬರೆದಿದ್ದರೆ ಮಾತ್ರ ತೊಳೆಯಿರಿ. ಸಾದಾ ಬಟ್ಟೆಯ ಮುಖಗವಸನ್ನು ಧಾರಾಳವಾಗಿ ಒಗೆಯಬಹುದು. ಅದರಲ್ಲಿ ಕಳೆಯಲು ಆವೇಶವೇ ಇಲ್ಲ, ಹಾಗೆಯೇ ಅಷ್ಟು ಶಕ್ತಿಯೂ ಇಲ್ಲ.

ಆ ಸಾಲನ್ನು ನಾನು ಹೊಡೆದುಹಾಕಿ, ಕಾರಣ ಬರೆದು, ಹೊಸ ಇಂಡೆಂಟ್ ಮೇಲಕ್ಕೆ ಕಳಿಸಿದೆ. ಕೇಳಿದ್ದರಲ್ಲಿ ಅರ್ಧ ಮಂಜೂರಾಗಿದೆ. ಉಳಿದರ್ಧಕ್ಕೆ ಮತ್ತೆ ಬರೆದಿದ್ದೇನೆ. ಆ ಹಿರಿಯರ ಬಳಿಗೆ ಹೋಗಿ, "ಇಲ್ಲ ಕಾಕಾ, ಕೆಲಸ ಮಾಡೂದಿಲ್ಲ, ನನ್ನದೇ ತಪ್ಪು" ಎಂದು ಹೇಳಿಬಂದೆ. ಅವರು ಸಿಟ್ಟಾಗಲಿಲ್ಲ. "ಕೇಳಿದ್ದು ಚಲೋ ಆತು ನೋಡು" ಎಂದರು.

ಕೇಳುವವರು ಹೆಚ್ಚಲಿ, ಉತ್ತರ ಹುಡುಕಲು ಈ ವಾಚನಾಲಯದ ಬಾಗಿಲು ತೆರೆದಿರಲಿ.