ಉದ್ಯಾನ ಕಾಮಗಾರಿಗಳಲ್ಲಿ ಜೀತ ಮತ್ತು ದುಡಿಮೆಯ ಶೋಷಣೆ: ಗ್ರಾಮ ಪಂಚಾಯತಿ ಸದಸ್ಯರ ಹೊಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರಿನಲ್ಲಿ ಉತ್ಸವ ಜರುಗುತ್ತದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಥ್ಯಾಕರೆಯ ಸೇನೆಯನ್ನು ಸೋಲಿಸಿದ ನೆನಪಿನ ಉತ್ಸವವದು. ಅದರ ಕೊನೆಯ ದಿನಕ್ಕೆ ಇನ್ನೊಂದು ಮಹತ್ವವುಂಟು. ಜೀತವನ್ನು ದೇಶದಾದ್ಯಂತ ರದ್ದುಪಡಿಸಿದ ಕಾನೂನು ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ರಂದು. ಸುಗ್ರೀವಾಜ್ಞೆಯಾಗಿ ಬಂದದ್ದು ಮರುವರ್ಷ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆ, 1976 ಎನಿಸಿತು.

ಜೀತವೆಂದೊಡನೆ ಒಡೆಯನ ಕೊಟ್ಟಿಗೆ, ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಿಡಿಯುವ ವರ್ಷದಾಳು ಕಣ್ಣ ಮುಂದೆ ಬರುವುದು ಸಹಜ. ಇಂದಿನ ಜೀತಕ್ಕೆ ಆ ರೂಪವೇ ಇರಬೇಕೆಂದಿಲ್ಲ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಕ್ರಮ ಕಬ್ಬು ಕಡಿಯುವ ಗ್ಯಾಂಗುಗಳಿಂದಲೂ ಇಟ್ಟಂಗಿ ಭಟ್ಟಿಗಳಿಂದಲೂ ಈ ಭಾಗದವರಿಗೆ ಪರಿಚಿತ. ಅದೇ ಕ್ರಮ ಬಡಾವಣೆಯ ಉದ್ಯಾನ, ರೆಸಾರ್ಟಿನ ಹುಲ್ಲುಹಾಸು, ಹೆದ್ದಾರಿಯ ನಡುಪಟ್ಟಿಯ ಗಿಡ, ಪೇವರ್ ಹಾಸುವ ಕೆಲಸ, ನರ್ಸರಿ ಇವುಗಳೊಳಗೆ ಸೇರಿಕೊಂಡರೆ ಗುರುತಿಸುವುದು ಕಷ್ಟ. ಕಾರ್ಖಾನೆಗೆ ಗೇಟು ಉಂಟು, ಹಾಜರಿ ಉಂಟು. ಉದ್ಯಾನದ ಕೆಲಸಕ್ಕೆ ಅವೆರಡೂ ಇಲ್ಲ. ಗುತ್ತಿಗೆದಾರನಿಂದ ಉಪಗುತ್ತಿಗೆದಾರನಿಗೆ, ಅವನಿಂದ ಮುಕಾದಮನಿಗೆ ಕೆಲಸ ಇಳಿಯುತ್ತದೆ. ಆಳುಗಳು ಕೆಲಸದ ಜಾಗದಲ್ಲಿಯೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಹುಲ್ಲು ಬೇರೂರುವ ಹೊತ್ತಿಗೆ ಬೇರೆ ಊರಿಗೆ ಸಾಗಿರುತ್ತಾರೆ.

ಮುಂಗಡವೇ ಅಪರಾಧವೆಂದು ಯಾರೂ ತಪ್ಪಾಗಿ ತಿಳಿಯಬಾರದು. ಮಗಳ ಮದುವೆಗೆ, ಆಸ್ಪತ್ರೆಗೆ ಹಣ ಬೇಕಾದಾಗ ಮುಂಗಡ ಕೊಡುವವನು ದೇವರಂತೆ ಕಾಣುತ್ತಾನೆ. ಕಾನೂನು ನೋಡುವುದು ಆ ಮುಂಗಡದ ಜೊತೆಗೆ ಕಳೆದುಹೋದುದನ್ನು. ಸಾಲದ ಕಾರಣಕ್ಕೆ ಕೂಲಿಯಿಲ್ಲದೆ ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯಬೇಕಾದರೆ, ಬೇರೆಡೆ ಕೆಲಸ ಹಿಡಿಯುವ ಇಲ್ಲವೆ ಇಷ್ಟ ಬಂದಲ್ಲಿಗೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ, ಅದು ಜೀತ. ಗುತ್ತಿಗೆ ಕಾರ್ಮಿಕರೂ ಅಂತರರಾಜ್ಯ ವಲಸೆ ಕಾರ್ಮಿಕರೂ ಇದರ ವ್ಯಾಪ್ತಿಗೆ ಬರಬಲ್ಲರೆಂದು 1985ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಗಂಡ ಹೆಂಡತಿ ಸೇರಿ 60,000 ರೂ. ಮುಂಗಡ ಪಡೆದರೆಂದು ಭಾವಿಸೋಣ. 2025-26ರ ಉದ್ಯೋಗ ಖಾತರಿ ಕೂಲಿಯಾದ 370 ರೂ.ನಂತೆ ಇಬ್ಬರಿಗೆ ದಿನಕ್ಕೆ 740 ರೂ. ಅದರಲ್ಲಿ 200 ರೂ. ಖರ್ಚಿಗೆಂದು ಕಳೆದರೂ 540 ರೂ. ಉಳಿಯುತ್ತದೆ, 112 ದಿನಗಳಲ್ಲಿ ಸಾಲ ತೀರುತ್ತದೆ. ಮುಕಾದಮನ ವಹಿಯಲ್ಲಿ ಅದೇ ಜೋಡಿಯ ಕೂಲಿ 300 ರೂ. ಎಂದಿದ್ದರೆ, ಅದೇ 200 ರೂ. ಕಳೆದು ಜಮೆಯಾಗುವುದು 100 ರೂ. ಮಾತ್ರ. ಆಗ ಬೇಕಾಗುವುದು 600 ದಿನ. ಮಳೆ ಬಂದ ದಿನ, ಜ್ವರ ಬಂದ ದಿನ ಕೂಲಿಯಿಲ್ಲ, ಆದರೆ ಖರ್ಚಿ ಸಾಲಕ್ಕೆ ಸೇರುತ್ತದೆ. ಇಲ್ಲಿ ಬಡಿಗೆಯೂ ಬೇಡ, ಬೀಗವೂ ಬೇಡ. ಒಂದು ವಹಿ ಸಾಕು. ಆ ವಹಿ ಆಳಿನ ಕೈಯಲ್ಲಿ ಇರುವುದಿಲ್ಲ.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದೂ ಇಂತಹದೇ ಕಡಿತ. ದಿನಗೂಲಿ 9 ರೂ. 25 ಪೈಸೆ, ಅದರಲ್ಲಿ ಜಮಾದಾರರು ದಿನಕ್ಕೆ 1 ರೂ. ದಲ್ಲಾಳಿ ಹಣವಾಗಿ ಹಿಡಿದುಕೊಳ್ಳುತ್ತಿದ್ದರು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ತೀರ್ಪಿತ್ತರು. ಹಸಿವೂ ಬಡತನವೂ ಮನುಷ್ಯನನ್ನು ಬಲವಂತಪಡಿಸಬಲ್ಲವು ಎಂಬುದು ಆ ತೀರ್ಪಿನ ತಿರುಳು. "ಅವನೇ ಒಪ್ಪಿ ಹೋದ" ಎಂಬ ಮಾತು ಅಂದಿನಿಂದ ಉತ್ತರವಾಗಿ ಉಳಿದಿಲ್ಲ.

ಪಂಚಾಯತಿ ಇಲ್ಲಿ ಬರಿಯ ನೋಡುಗನಲ್ಲ, ಕೊಳ್ಳುವವನೂ ಹೌದು. ರಾಜಸ್ಥಾನದ ಮರಳುಗಲ್ಲು ಇಂಗ್ಲೆಂಡಿನ ಮನೆಯಂಗಳಗಳಿಗೆ ಹಾಸುಗಲ್ಲಾಗಿ ಹೋಗುತ್ತದೆ. ಕಲ್ಲು ತೆಗೆದ ಕೈಗಳು ಯಾವುವೆಂಬ ಪ್ರಶ್ನೆಯನ್ನು ಆ ದೇಶದಲ್ಲಿ ಎತ್ತಲಾಯಿತು. 2015ರ ಕಾಯ್ದೆಯು ಅಲ್ಲಿನ ದೊಡ್ಡ ಸಂಸ್ಥೆಗಳು ಗುಲಾಮಗಿರಿ ತಡೆಗೆ ಕೈಗೊಂಡ ಕ್ರಮವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂದು ವಿಧಿಸಿತು. ಕೆರೆ ದಂಡೆಯ ಉದ್ಯಾನಕ್ಕೆ, ಶಾಲೆಯಂಗಳದ ಪೇವರಿಗೆ ಬಿಲ್ಲು ಪಾವತಿಸುವ ಗ್ರಾಮ ಪಂಚಾಯತಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ. ಅಂದಾಜು ಮೊತ್ತಕ್ಕಿಂತ ತೀರ ಕಡಿಮೆ ದರ ನಮೂದಿಸಿದ ಗುತ್ತಿಗೆದಾರನನ್ನು ಹೊಗಳುವ ಮೊದಲು ದರ ವಿಶ್ಲೇಷಣೆಯನ್ನು ತೆರೆದು ನೋಡಬೇಕು. ಸಿಮೆಂಟು, ಡೀಸೆಲ್, ಸಸಿ ಇವುಗಳ ಬೆಲೆ ಯಾರಿಗಾಗಿಯೂ ಅಷ್ಟು ಇಳಿಯುವುದಿಲ್ಲ. ಇಳಿಸಬಹುದಾದದ್ದು ಕೂಲಿ ಒಂದೇ. ಅಳತೆ ಪುಸ್ತಕದಲ್ಲಿ ಚದರ ಮೀಟರುಗಳಿರುತ್ತವೆ, ಮನುಷ್ಯರಿರುವುದಿಲ್ಲ. ಆದುದರಿಂದ ಆಳುಗಳ ಹೆಸರಿನ ಹಾಜರಿ ಮತ್ತು ಅವರವರ ಬ್ಯಾಂಕ್ ಖಾತೆಗೆ ಕೂಲಿ ಜಮೆಯಾದ ದಾಖಲೆಯನ್ನು ಕರಾರಿನಲ್ಲಿಯೇ ಕೇಳಿ, ಅವು ಬಂದ ಬಳಿಕ ಬಿಲ್ಲು ಮಾಡುವುದು ಯೋಗ್ಯ. ಇಲ್ಲಿ ಮುಜುಗರದ ಸಂಗತಿಯೊಂದುಂಟು: ಗುತ್ತಿಗೆದಾರನೋ ಮುಕಾದಮನೋ ಸದಸ್ಯರ ಬಂಧುವೇ ಆಗಿರಬಹುದು. ಹಾಗಿದ್ದಾಗ ತಪಾಸಣೆಯನ್ನು ಬೇರೆಯವರಿಗೆ ಬಿಡುವುದೇ ಮರ್ಯಾದೆ.

ಗ್ರಾಮದಿಂದ ಹೋಗುವವರ ವಿಷಯದಲ್ಲಿ ಸದಸ್ಯರಿಗಿರುವ ಅನುಕೂಲ ಯಾವ ಅಧಿಕಾರಿಗೂ ಇಲ್ಲ. ಮುಂಗಡ ಕೈ ಬದಲಾಗುವುದು ಊರಿನ ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ. ಯಾರು, ಎಲ್ಲಿಗೆ, ಯಾರ ಮೂಲಕ, ಎಷ್ಟು ಮುಂಗಡಕ್ಕೆ ಹೋದರು, ಮರಳುವುದು ಯಾವಾಗ ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಅದು ಮುಕಾದಮನ ವಹಿಗೆ ಎದುರು ವಹಿ. ಮಕ್ಕಳು ಶಾಲೆ ಬಿಟ್ಟದ್ದನ್ನು ಮುಖ್ಯೋಪಾಧ್ಯಾಯರೂ ಅಂಗನವಾಡಿ ಕಾರ್ಯಕರ್ತೆಯೂ ಮೊದಲು ಬಲ್ಲರು, ಅವರನ್ನು ಕೇಳಬೇಕು. ಹೊರಗಿನಿಂದ ಬಂದು ಇಲ್ಲಿನ ನರ್ಸರಿಯಲ್ಲೋ ಬಡಾವಣೆಯಲ್ಲೋ ದುಡಿಯುವವರ ಬಗೆಗೆ ನೋಡಬೇಕಾದದ್ದು ಬೇರೆ: ಆಧಾರ್ ಕಾರ್ಡು ಯಾರ ಕೈಯಲ್ಲಿದೆ, ಸಂತೆಗೆ ಒಬ್ಬರೇ ಹೋಗಬಲ್ಲರೆ, ಮಾತನಾಡಿಸಿದರೆ ಮೇಸ್ತ್ರಿಯ ಮುಖ ನೋಡುತ್ತಾರೆಯೆ.

ಅನುಮಾನ ಬಂದಾಗ ಸದಸ್ಯರೇ ಹೋಗಿ ರಾಜಿ ಮಾಡಿಸುವುದು ಸಲ್ಲದು. ರಾಜಿಯಲ್ಲಿ ಸಾಲ ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ಬೈಲಹೊಂಗಲದ ಉಪವಿಭಾಗಾಧಿಕಾರಿಗಳಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಜಿಲ್ಲೆ ಮತ್ತು ಉಪವಿಭಾಗ ಮಟ್ಟದ ಜಾಗೃತಿ ಸಮಿತಿಗಳು ಕಾಯ್ದೆಯ 13ನೆಯ ಕಲಮಿನಂತೆ ರಚಿತವಾಗುತ್ತವೆ. ಜೀವಕ್ಕೆ ಅಪಾಯವಿದ್ದರೆ 112, ಮಗುವಿದ್ದರೆ 1098. ಪತ್ರದಲ್ಲಿ ಸ್ಥಳ, ಆಳುಗಳ ಸಂಖ್ಯೆ, ಮುಂಗಡದ ಮೊತ್ತ, ಕೊಡುವ ಕೂಲಿ ಇಷ್ಟಿದ್ದರೆ ಸಾಕು. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಭಾರ 15ನೆಯ ಕಲಮಿನ ಪ್ರಕಾರ ಸಾಲ ಕೊಟ್ಟವನದು.

ವಿಚಾರಣೆಯ ನಂತರ ದೊರೆಯುವ ಬಿಡುಗಡೆ ಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳುವಂತೆ ತಿಳಿಸಬೇಕು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂ. ವರೆಗೆ, ಮುಂದೆ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂ. ನೆರವು ಉಂಟು. ದೊಡ್ಡ ಮೊತ್ತವನ್ನು ಅಪರಾಧ ಸಾಬೀತಾಗುವುದಕ್ಕೆ ತಳುಕು ಹಾಕಿರುವುದರಿಂದ ಕುಟುಂಬಗಳು ಬಹುಕಾಲ ಕಾಯಬೇಕಾಗಬಹುದು. ಆ ಅವಧಿಯಲ್ಲಿ ಉದ್ಯೋಗ ಚೀಟಿ, ಪಡಿತರ, ಸ್ವಸಹಾಯ ಸಂಘದ ಸಾಲ ಇವು ಕೈಗೆ ಸಿಗದಿದ್ದರೆ ಆ ಕುಟುಂಬ ಮತ್ತೊಬ್ಬ ಮುಕಾದಮನ ಮುಂದೆ ಕೈಯೊಡ್ಡುತ್ತದೆ. ಹಳೆಯ ಮುಕಾದಮನೂ ಬಾಕಿ ಕೇಳಿಕೊಂಡು ಮನೆ ಬಾಗಿಲಿಗೆ ಬರಬಹುದು. ಜೀತದ ಸಾಲ 6ನೆಯ ಕಲಮಿನಂತೆ ಅಳಿದುಹೋಗಿದೆ. ಅದರ ಬಾಬತ್ತಿಗೆ ಹಣ ಪಡೆದರೆ 9ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ. ಇದನ್ನು ಅವನಿಗೆ ಆ ಬಾಗಿಲಲ್ಲಿಯೇ, ನಾಲ್ಕು ಜನರ ಸಮಕ್ಷಮದಲ್ಲಿ, ವಾರ್ಡಿನ ಸದಸ್ಯರು ತಿಳಿಸತಕ್ಕದ್ದು.